ಎಡಕ್ಕೆ ಅಂದರೆ ಯಾರು ಎಡಕ್ಕೆ?

ಬೆಟ್ಟದ ಸೈಕಲ್ ಸ್ಪರ್ಧೆಯ ಮುಖ್ಯ ತೀರ್ಪುಗಾರರಿಗೆ,

ಮಾನ್ಯರೇ,

ಈ ವರ್ಷದ ಸ್ಪರ್ಧೆಯಲ್ಲಿ ನಲವತ್ತು ದಾಟಿದ ಮಹಿಳೆಯರ ವಿಭಾಗದ ಮೊದಲ ಸ್ಥಾನವನ್ನು ತಾವು ನನಗೆ ಕೊಟ್ಟಿದ್ದೀರಿ. ಅದರ ವಿರುದ್ಧ ದೂರು ಕೊಡುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಪತ್ರಿಕೆಯ ಓದುಗರು ಇದನ್ನು ಅಚ್ಚಿನ ತಪ್ಪೆಂದು ತಿಳಿಯಬಾರದು. ಗೆದ್ದವಳೂ ನಾನೇ, ದೂರು ಕೊಡುತ್ತಿರುವವಳೂ ನಾನೇ. ಏಳು ವರ್ಷ ಎರಡನೆಯ ಸ್ಥಾನದಲ್ಲಿ ಕೂತು ಸವೆದವಳಿಗೆ ಎಂಟನೆಯ ವರ್ಷ ಮೊದಲ ಸ್ಥಾನ ಸಿಕ್ಕಿ ತಲೆ ಕೆಟ್ಟಿದೆ ಎಂದು ತಮಗೆ ಅನಿಸಬಹುದು. ತಮ್ಮ ಕಚೇರಿಯ ಗುಮಾಸ್ತರಿಗೂ ಹಾಗೇ ಅನಿಸಿತು.

ತಮ್ಮ ಕಚೇರಿಗೆ ಮೂರು ಸಲ ಬಂದಿದ್ದೇನೆ. ಮೊದಲ ಸಲ ಕಿಟಕಿಯ ಹಿಂದಿದ್ದ ಗುಮಾಸ್ತರು ಚಹಾ ಲೋಟ ಪಕ್ಕಕ್ಕಿಟ್ಟು, "ಮೇಡಂ, ಸೋತವರ ದೂರಿಗೆ ಫಾರಂ ಇದೆ, ಗೆದ್ದವರ ದೂರಿಗೆ ಇಲ್ಲ" ಎಂದರು. ಎರಡನೆಯ ಸಲ ಬಿಳಿ ಹಾಳೆಯಲ್ಲಿ ಬರೆದುಕೊಂಡು ಹೋದೆ. "ಬಾಧಿತರೇ ಕೊಡಬೇಕು, ಅದೂ ನಲವತ್ತೆಂಟು ಗಂಟೆ ಒಳಗೆ. ನೀವು ಬಾಧಿತರಲ್ಲ, ವಿಜೇತರು" ಎಂದು ಹಾಳೆಯನ್ನು ಹಿಂದಕ್ಕೆ ತಳ್ಳಿದರು. ಬಾಧಿತರು ಹೇಗಿರುತ್ತಾರೆ ಎಂದು ಒಂದು ಸಲ ನನ್ನ ಮುಖ ನೋಡಿದ್ದರೆ ಅವರಿಗೇ ತಿಳಿಯುತ್ತಿತ್ತು. ಮೂರನೆಯ ಸಲ ಅವರಿಗೆ ಕನಿಕರ ಬಂತು. "ಇಷ್ಟ ಇಲ್ಲ ಅಂದ್ರೆ ಆ ಕಪ್ಪನ್ನ ಶೋಕೇಸಲ್ಲಿ ಇಡಬೇಡಿ ಮೇಡಂ, ಮುಗೀತಲ್ಲ" ಎಂದು ಉಪಾಯ ಹೇಳಿಕೊಟ್ಟರು. ತಮ್ಮನ್ನು ಕಾಣಬೇಕೆಂದು ಕೇಳಿದಾಗ ತಾವು ಸಭೆಯಲ್ಲಿದ್ದಿರಿ. ಮೂರು ಸಲವೂ ಸಭೆಯಲ್ಲಿದ್ದಿರಿ. ಸಭೆಯಲ್ಲಿರುವವರಿಗೆ ಪತ್ರಿಕೆಯಾದರೂ ತಲುಪುತ್ತದೆ ಎಂಬ ನಂಬಿಕೆಯಿಂದ ಈ ದಾರಿ ಹಿಡಿದಿದ್ದೇನೆ.

ತಾವು ಅನರ್ಹಗೊಳಿಸಿ, ಎರಡು ವರ್ಷ ನಿಷೇಧ ಹೇರಿ ಮನೆಗೆ ಕಳಿಸಿದ ಸವಾರಳು ನನ್ನ ವಾರಗಿತ್ತಿ. ನನ್ನ ಗಂಡನ ತಮ್ಮನ ಹೆಂಡತಿ. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಪತ್ರವನ್ನು ಓದಿ ಯಾರೂ ನನ್ನನ್ನು ಉದಾರಿ ಎಂದು ತಿಳಿದು ಮೋಸ ಹೋಗಬಾರದು.

ನಮ್ಮದು ಎರಡು ಅಂತಸ್ತಿನ ಒಂದೇ ಮನೆ. ಮೇಲೆ ನಾವು, ಕೆಳಗೆ ಅವರು. ಅತ್ತೆ ಕೆಳಗೆ ಇರುತ್ತಾರೆ. ಮಂಡಿ ನೋವು, ಮೆಟ್ಟಿಲು ಹತ್ತಲಾಗುವುದಿಲ್ಲ ಎಂಬುದು ಅಧಿಕೃತ ಕಾರಣ. ದಿನಪತ್ರಿಕೆಯೂ ಕೆಳಗಿನ ಬಾಗಿಲಿಗೇ ಬೀಳುತ್ತದೆ, ಅವಳು ಓದಿ ಮುಗಿಸಿದ ಸುದ್ದಿ ನನಗೆ ಮೇಲಕ್ಕೆ ಬರುತ್ತದೆ. ಒಂದೇ ಬಳ್ಳಿಯಿಂದ ಎರಡು ತುಂಡು ಕತ್ತರಿಸಿ ಇಬ್ಬರೂ ಒಂದೇ ದಿನ ಕುಂಡದಲ್ಲಿ ನೆಟ್ಟೆವು. ಅವಳದು ಕಿಟಕಿ ತುಂಬಿ ಈಗ ನನ್ನ ಮೆಟ್ಟಿಲಿನ ಕಂಬಿಗೂ ಹಬ್ಬಿದೆ. ನನ್ನದರಲ್ಲಿ ನಾಲ್ಕು ಎಲೆ. ನಾಲ್ಕೂ ಅವಳ ಕಿಟಕಿಯ ಕಡೆಗೇ ಬಾಗಿವೆ. ಫೋಟೋದಲ್ಲಿ ಅವಳು ಎಂದೂ ಕಣ್ಣು ಮುಚ್ಚುವುದಿಲ್ಲ. ಕಣ್ಣು ಪರೀಕ್ಷೆ ಮಾಡಿ ಹೊಟ್ಟೆ ಹೊರೆಯುವ ನಾನು ಪ್ರತಿ ಫೋಟೋದಲ್ಲೂ ಕಣ್ಣು ಮುಚ್ಚಿರುತ್ತೇನೆ. ತಮ್ಮ ಪಕ್ಕದಲ್ಲಿ ಕಪ್ ಹಿಡಿದು ನಿಂತ ಈ ವರ್ಷದ ಫೋಟೋವನ್ನೂ ದಯವಿಟ್ಟು ತೆಗೆದು ನೋಡಿ.

ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. "ಅವರ ಕೈ ಎಷ್ಟು ಹಗುರ ಅಂತೀರಿ, ಸೂಜಿ ಚುಚ್ಚಿದ್ದೇ ಗೊತ್ತಾಗಲ್ಲ" ಎಂದು ನನ್ನ ಅಂಗಡಿಗೆ ಬರುವ ಗಿರಾಕಿಗಳು ನನ್ನೆದುರಿಗೇ ಹೊಗಳುತ್ತಾರೆ. ನಾನು ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಜನರಿಗೆ ಲೋಕ ಸ್ಪಷ್ಟವಾಗಿ ಕಾಣುವಂತೆ ಮಾಡುತ್ತಿದ್ದೇನೆ. "ನಿಮ್ಮ ಕೈ ಹಗುರ" ಎಂದು ಒಬ್ಬರೂ ಹೇಳಿಲ್ಲ. "ಈ ಫ್ರೇಮ್ ಸ್ವಲ್ಪ ಬಿಗಿ" ಎಂದು ಹೇಳಿದ್ದಾರೆ.

ಈಗ ಸೈಕಲ್ಲಿನ ವಿಷಯ. ನಮ್ಮ ಮನೆಯಲ್ಲಿ ಮೊದಲು ಸೈಕಲ್ ಹತ್ತಿದವಳು ನಾನು ಎಂಬುದನ್ನು ತಾವು ದಯವಿಟ್ಟು ದಾಖಲಿಸಿಕೊಳ್ಳಬೇಕು. ಬೆಟ್ಟದ ದಾರಿಗೆ ದಪ್ಪ ಟಯರಿನ ಸೈಕಲ್ ತಂದವಳು, ಮೊಣಕಾಲು ತರಚಿಕೊಂಡವಳು, ನೆರೆಹೊರೆಯವರಿಂದ "ಈ ವಯಸ್ಸಲ್ಲಿ ಇವರಿಗ್ಯಾಕೆ ಬೇಕಿತ್ತು" ಅನ್ನಿಸಿಕೊಂಡವಳು, ಎಲ್ಲವೂ ನಾನೇ. ಒಂದು ಬೆಳಿಗ್ಗೆ ಅವಳು ಗೇಟಿನ ಹತ್ತಿರ ನಿಂತು ಕೇಳಿದಳು.

"ಅಕ್ಕ, ನಂಗೂ ಕಲಿಸ್ತೀರಾ?"

"ಬಿದ್ರೆ ಅಳಬಾರದು."

"ಅತ್ರೆ ನೀವು ನೋಡದ ಹಾಗೆ ಅಳ್ತೀನಿ."

ಹೀಗೆ ಮಾತಾಡಿದರೆ ಯಾರಿಗೆ ತಾನೇ ಇಲ್ಲ ಎನ್ನಲಾಗುತ್ತದೆ? ಕಲಿಸಿದೆ. ಅವಳನ್ನು ಮುಂದೆ ಬಿಟ್ಟು ನಾನು ಹಿಂದೆ ಇರುತ್ತಿದ್ದೆ. ಹೊಸಬರ ಕಣ್ಣು ತಮ್ಮ ಮುಂದಿನ ಚಕ್ರದ ಮೇಲೇ ಅಂಟಿಕೊಂಡಿರುತ್ತದೆ, ದಾರಿ ಕಾಣುವುದಿಲ್ಲ. ಅವಳ ದಾರಿಯನ್ನು ನಾನು ನೋಡಿ ಹಿಂದಿನಿಂದ ಕೂಗುತ್ತಿದ್ದೆ. "ಎಡಕ್ಕೆ" ಅಂದರೆ ಬಲದಲ್ಲಿ ಕಲ್ಲಿದೆ, ನೀನು ಎಡಕ್ಕೆ ಹೋಗು ಎಂದು ಅರ್ಥ. "ಬಲಕ್ಕೆ" ಅಂದರೆ ಎಡದಲ್ಲಿ ಗುಂಡಿಯಿದೆ, ನೀನು ಬಲಕ್ಕೆ ಹೋಗು ಎಂದು ಅರ್ಥ. ಅವಳು ಒಂದು ಸಲವೂ ಯಾಕೆ ಎಂದು ತಿರುಗಿ ಕೇಳಲಿಲ್ಲ. "ನಾನು ದಾರಿನೇ ನೋಡಲ್ಲ ಅಕ್ಕ, ನಿಮ್ಮ ದನಿ ಕೇಳ್ಕೊಂಡು ಹೋಗ್ತೀನಿ" ಎನ್ನುತ್ತಿದ್ದಳು.

ಆರು ತಿಂಗಳಲ್ಲಿ ಅವಳು ನನ್ನನ್ನು ಮೀರಿಸಿದಳು. ಅವಳಿಗೆ ನಲವತ್ತು ತುಂಬಿದ ವರ್ಷವೇ ಇಬ್ಬರೂ ತಮ್ಮ ಸ್ಪರ್ಧೆಗೆ ಹೆಸರು ಕೊಟ್ಟೆವು. ಅವಳು ಮೊದಲು ಬಂದಳು, ನಾನು ಎರಡನೆಯವಳು. ಮನೆಗೆ ಬಂದಾಗ ಅತ್ತೆ ಅವಳ ಹಣೆ ಸವರಿ, ನನ್ನ ಕಡೆ ತಿರುಗಿ, "ಎರಡನೇದೂ ಒಂದು ಸ್ಥಾನನೇ ಕಣಮ್ಮಾ" ಎಂದರು. ಆ ಮಾತನ್ನು ಅವರು ಏಳು ವರ್ಷ, ಒಂದಕ್ಷರ ಬದಲಿಸದೆ ಹೇಳಿದರು. ಎರಡನೆಯದು ಒಂದು ಸ್ಥಾನ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಅದೊಂದೇ ಸ್ಥಾನ ನನಗೆ ಗೊತ್ತಿದ್ದದ್ದು.

ಅವಳು ಜಂಬಪಟ್ಟಿದ್ದರೆ ನನಗೆ ಎಷ್ಟು ಸುಖವಾಗುತ್ತಿತ್ತು! ಅದೂ ಇಲ್ಲ. ಗೆದ್ದ ಪ್ರತಿ ಸಲವೂ ಮೈಕಿನ ಮುಂದೆ, "ನಮ್ಮ ಅಕ್ಕ ಕಲಿಸಿದ್ದು" ಎನ್ನುತ್ತಾಳೆ. ಜನ ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆ ನನಗಲ್ಲ, ಅವಳ ವಿನಯಕ್ಕೆ. ಈ ಸ್ಪರ್ಧೆಯ ತನಕವೂ ಪ್ರತಿ ಭಾನುವಾರ ಇಬ್ಬರೂ ಒಟ್ಟಿಗೆ ಬೆಟ್ಟಕ್ಕೆ ಹೋಗುತ್ತಿದ್ದೆವು. ಅವಳು ವೇಗ ತಗ್ಗಿಸಿ ನನ್ನ ಮುಂದೆಯೇ ಸಾಗುತ್ತಿದ್ದಳು, ನಾನು ಹಿಂದಿನಿಂದ "ಎಡಕ್ಕೆ", "ಬಲಕ್ಕೆ" ಕೂಗುತ್ತಿದ್ದೆ. ಆ ದಾರಿಯ ಒಂದೊಂದು ಕಲ್ಲೂ ಅವಳಿಗೆ ಬಾಯಿಪಾಠ. ಆದರೂ ನಾನು ಹೇಳಿದ ಕಡೆಗೇ ತಿರುಗುತ್ತಿದ್ದಳು. ನನಗೆ ಬೇಸರವಾಗಬಾರದಲ್ಲ! ಇಂಥವರ ಜೊತೆ ಬಾಳುವುದು ಎಷ್ಟು ಕಷ್ಟ ಎಂಬುದನ್ನು ಯಾವ ನಿಯಮಾವಳಿಯೂ ಬರೆದಿಟ್ಟಿಲ್ಲ.

ನಿಯಮಾವಳಿ ಎಂದಾಗ ನೆನಪಾಯಿತು. ತಮ್ಮ ಹದಿನಾಲ್ಕನೆಯ ನಿಯಮ ನನಗೂ ಬಾಯಿಪಾಠ. "ಮುಂದಿನ ಸವಾರರನ್ನು ದಾಟಬಯಸುವವರು ತಾವು ಸಾಗುವ ಬದಿಯನ್ನು ಒಂದೇ ಪದದಲ್ಲಿ ಗಟ್ಟಿಯಾಗಿ ಕೂಗತಕ್ಕದ್ದು. ಮುಂದಿನವರು ಆ ಬದಿಯನ್ನು ತೆರವು ಮಾಡತಕ್ಕದ್ದು." ಅಂದರೆ ತಮ್ಮ ಬೆಟ್ಟದಲ್ಲಿ "ಎಡಕ್ಕೆ" ಎಂದರೆ, ನಾನು ಎಡಕ್ಕೆ ಬರುತ್ತಿದ್ದೇನೆ, ನೀನು ಬಲಕ್ಕೆ ಸರಿ ಎಂದು. ನಮ್ಮ ಭಾನುವಾರದ ಬೆಟ್ಟದಲ್ಲಿ "ಎಡಕ್ಕೆ" ಎಂದರೆ, ನೀನು ಎಡಕ್ಕೆ ಹೋಗು ಎಂದು. ಪದ ಒಂದೇ, ಬೆಟ್ಟವೂ ಒಂದೇ, ಅರ್ಥ ಮಾತ್ರ ತಿರುಗುಮುರುಗು. ಈ ನಿಯಮ ಬರೆದ ಮಹನೀಯರು ಕರ್ತೃಪದಕ್ಕೆ ಯಾಕೆ ಇಷ್ಟು ಜಿಪುಣತನ ತೋರಿಸಿದರು? "ನಾನು" ಎಂಬ ಎರಡಕ್ಷರ ಸೇರಿಸಿದ್ದರೆ ಯಾರ ಗಂಟು ಕರಗುತ್ತಿತ್ತು?

ಹಾಗಿದ್ದರೆ ಹಿಂದಿನ ಏಳು ವರ್ಷ ಈ ಎಡವಟ್ಟು ಯಾಕೆ ಆಗಲಿಲ್ಲ ಎಂದು ತಾವು ಕೇಳಬಹುದು. ಉತ್ತರ ಬಹಳ ಸರಳ, ಹೇಳಲು ಸ್ವಲ್ಪ ನಾಚಿಕೆ. ಆ ಒಂದು ಪದ ಕೂಗುವಷ್ಟು ಹತ್ತಿರಕ್ಕೆ ಸ್ಪರ್ಧೆಯಲ್ಲಿ ನಾನು ಎಂದೂ ಬಂದಿರಲೇ ಇಲ್ಲ.

ಈ ವರ್ಷ ಬಂದೆ. ಹೇಗೆ ಬಂದೆ ಎಂದು ಹೇಳಬೇಕು, ಏಕೆಂದರೆ ಅದನ್ನು ಯಾರೂ ಕೇಳಿಲ್ಲ. ಹತ್ತು ತಿಂಗಳು, ಮಧ್ಯಾಹ್ನ ಅಂಗಡಿಗೆ ಬಾಗಿಲು ಹಾಕುವ ಒಂದೂವರೆ ಗಂಟೆಯಲ್ಲಿ, ನೀರಿನ ಟ್ಯಾಂಕಿನ ಏರನ್ನು ದಿನಕ್ಕೆ ಆರು ಸಲ ಹತ್ತಿ ಇಳಿದೆ. ಊಟದ ಡಬ್ಬಿಯನ್ನು ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಬರಿದು ಮಾಡಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮಧ್ಯಾಹ್ನದ ಮೇಲೆ ಬಂದ ಗಿರಾಕಿಗಳ ಮೂಗಿನ ಮೇಲೆ ಕೂರಿಸಬೇಕಾದ ಕನ್ನಡಕವನ್ನು ಆಯಾಸದಲ್ಲಿ ಹುಬ್ಬಿನ ಮೇಲೆ ಕೂರಿಸುತ್ತಿದ್ದೆ. ಒಬ್ಬ ಅಜ್ಜಿ, "ನಿಮ್ಮ ಕಣ್ಣು ತೋರಿಸ್ಕೊಂಡ್ರಾ?" ಎಂದು ಕೇಳಿಯೇಬಿಟ್ಟರು.

ಸ್ಪರ್ಧೆಯ ದಿನ ಮೂವತ್ತೆರಡು ಕಿಲೋಮೀಟರಿನಲ್ಲಿ ಇಪ್ಪತ್ತೆಂಟು ಮುಗಿಯುವ ಹೊತ್ತಿಗೆ, ಸವಾರರು ಹಲ್ಲುದುರಿ ಎಂದು ಕರೆಯುವ ಇಳಿಜಾರಿನ ನೆತ್ತಿಯಲ್ಲಿ, ಅವಳ ಬೆನ್ನು ನನಗೆ ಕಾಣಿಸಿತು. ಅಲ್ಲಿ ಉಂಡೆಗಲ್ಲುಗಳ ಮೇಲೆ ಇಳಿಯುವಾಗ ದವಡೆ ಕಟಕಟ ಎನ್ನುತ್ತದೆ, ಆ ಹೆಸರು ಅದಕ್ಕೇ. ಎಂಟು ಸ್ಪರ್ಧೆಗಳಲ್ಲಿ ಮೊದಲ ಬಾರಿ ನಾನು ಅವಳ ಬೆನ್ನಿನ ಮೇಲಿನ ಬೆವರಿನ ಕಲೆ ನೋಡಿದೆ. ಅವಳಿಗೂ ಬೆವರು ಬರುತ್ತದೆ! ಎಷ್ಟು ಹಿಗ್ಗಿದೆನೆಂದರೆ ಪೆಡಲಿನಿಂದ ಕಾಲು ಜಾರಿತು. ಒಂದೊಂದೇ ತಿರುವಿನಲ್ಲಿ ಹತ್ತಿರವಾದೆ. ಕೊನೆಯ ತಿರುವಿಗೆ ಮೊದಲು ದಾರಿ ಒಂದಿಷ್ಟು ಅಗಲವಾಗುತ್ತದೆ. ಇಡೀ ಇಳಿಜಾರಿನಲ್ಲಿ ಒಬ್ಬರು ಇನ್ನೊಬ್ಬರನ್ನು ದಾಟಬಹುದಾದ ಜಾಗ ಅದೊಂದೇ. ಎಡಕ್ಕೆ ಗಟ್ಟಿ ನೆಲ, ಅದರಾಚೆ ಪೊದೆ ತುಂಬಿದ ಕೊರಕಲು. ಬಲಕ್ಕೆ ಸಡಿಲ ಜಲ್ಲಿ. ಅವಳು ನಡುವೆ ಇದ್ದಳು. ಸವಾರರ ತಪ್ಪು ಗುರುತಿಸುವ ತಮ್ಮ ಬಾವುಟದವರು ಬಂಡೆಯ ಮೇಲೆ ನಿಂತಿದ್ದರು.

"ಎಡಕ್ಕೆ!" ಎಂದು ಕೂಗಿದೆ. ಎಡಕ್ಕೆ ನುಗ್ಗಿದೆ. ಅವಳೂ ಎಡಕ್ಕೆ ತಿರುಗಿದಳು.

ಅವಳ ಹ್ಯಾಂಡಲ್ ನನ್ನ ಹ್ಯಾಂಡಲಿಗೆ ಬಡಿಯಿತು. ನಾನು ಹೇಗೋ ನಿಂತೆ. ಅವಳು ಸೈಕಲ್ಲಿನ ಸಮೇತ ಕೊರಕಲಿಗೆ ಹೋದಳು. ಪೊದೆ ಮುರಿಯುವ ಸದ್ದು, ಆಮೇಲೆ ಚಕ್ರ ಸುಮ್ಮನೆ ತಿರುಗುವ ಸದ್ದು. ಬಾವುಟದವರು ಸೀಟಿ ಊದಿದರು. ಆಗ ಕೆಳಗಿನಿಂದ ಅವಳ ದನಿ ಬಂತು.

"ಅಕ್ಕ, ನಿಮಗೇನೂ ಆಗಿಲ್ಲ ತಾನೆ?"

ಬಿದ್ದವಳು ಅವಳು, ವಿಚಾರಿಸಿಕೊಂಡವಳೂ ಅವಳೇ. ಅದರಲ್ಲೂ ಅವಳೇ ಮೊದಲು! ನಾನು ಏನು ಮಾಡಿದೆ ಗೊತ್ತೇ? "ಇಲ್ಲ" ಎಂದು ಕೂಗಿ, ಪೆಡಲ್ ತುಳಿದು, ಉಳಿದ ನಾಲ್ಕು ಕಿಲೋಮೀಟರ್ ಮುಗಿಸಿ ಮೊದಲಿಗಳಾದೆ. ಗೆರೆ ದಾಟುವಾಗ ಎರಡೂ ಕೈ ಮೇಲೆತ್ತಿದೆ. ಅದಕ್ಕೂ ಟ್ಯಾಂಕಿನ ಏರಿನಲ್ಲಿ ಅಭ್ಯಾಸ ಮಾಡಿದ್ದೆ.

ಇನ್ನು ತಮ್ಮ ವಿಚಾರಣೆ. ಡೇರೆಯೊಳಗೆ ಒಂದು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ತಮ್ಮ ಮುಂದೆ ನಿಯಮಾವಳಿ, ಅದರ ಮೇಲೆ ಗಾಳಿಗೆ ಹಾರದಂತೆ ನೀರಿನ ಬಾಟಲಿ. ಅವಳ ತೋಳನ್ನು ಪ್ರಥಮ ಚಿಕಿತ್ಸೆಯವರು ಶಾಲಿನಿಂದ ಕುತ್ತಿಗೆಗೆ ಕಟ್ಟಿದ್ದರು, ಕೂದಲಿನಲ್ಲಿ ಒಣ ಎಲೆ ಇತ್ತು.

"ಏಳು ವರ್ಷ ಗೆದ್ದೋರು. ನಿಯಮ ಗೊತ್ತಿಲ್ವಾ?" ಎಂದು ತಾವು ಕೇಳಿದಿರಿ.

"ಗೊತ್ತು ಸಾರ್."

"ಮತ್ತೆ ಯಾಕೆ ಎಡಕ್ಕೆ ಹೋದ್ರಿ?"

"ಅಕ್ಕ ಎಡಕ್ಕೆ ಅಂದ್ರು, ಹೋದೆ."

ತಾವು ನಕ್ಕಿರಿ. ಬಾವುಟದವರೂ ನಕ್ಕರು. ಆಮೇಲೆ ತಾವು ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದಿದಿರಿ: "ನಿಯಮ ತಿಳಿದಿದ್ದೂ ಎಡಕ್ಕೆ ಸರಿದಿದ್ದಾಗಿ ಸವಾರರು ಒಪ್ಪಿಕೊಂಡಿದ್ದಾರೆ. ಉದ್ದೇಶಪೂರ್ವಕ ಅಡ್ಡಿ." ಇಡೀ ವಿಚಾರಣೆಯಲ್ಲಿ ನಡೆದದ್ದನ್ನು ನಡೆದಂತೆ ಹೇಳಿದ ವಾಕ್ಯ ಒಂದೇ ಒಂದಿತ್ತು, "ಅಕ್ಕ ಎಡಕ್ಕೆ ಅಂದ್ರು, ಹೋದೆ." ತಾವು ಆ ವಾಕ್ಯದಿಂದ "ಅಕ್ಕ"ನನ್ನು ಕಿತ್ತುಹಾಕಿ ಉಳಿದದ್ದನ್ನು ತಪ್ಪೊಪ್ಪಿಗೆ ಮಾಡಿಕೊಂಡಿರಿ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ದೇನಾದ್ರೂ ಹೇಳೋದಿದೆಯಾ?" ಎಂದಿರಿ.

"ಇಲ್ಲ ಸಾರ್. ನಿಯಮದ ಪ್ರಕಾರವೇ ಕೂಗಿದೀನಿ. ಒಂದು ಪದಕ್ಕಿಂತ ಹೆಚ್ಚು ಹೇಳೋಷ್ಟು ಸಮಯ ಇರಲಿಲ್ಲ" ಎಂದೆ. ಅವಳು ಪಕ್ಕದ ಕುರ್ಚಿಯಿಂದ, ಹೌದು ಎನ್ನುವಂತೆ ತಲೆಯಾಡಿಸಿದಳು.

ಮನೆಗೆ ಬಂದೆವು. ಎಡಭುಜದ ಎಲುಬು ಬಿರುಕು ಬಿಟ್ಟಿದೆ, ಆರು ವಾರ ತೋಳು ಅಲ್ಲಾಡಿಸಬಾರದು ಎಂದು ವೈದ್ಯರು ಹೇಳಿದ್ದಾರೆ. ರಕ್ತ ತೆಗೆಯಲು ಎರಡು ಕೈ ಬೇಕು, ಹಾಗಾಗಿ ರಜೆ. ಲ್ಯಾಬಿಗೆ ಬಂದವರಲ್ಲಿ ಕೆಲವರು, "ಅವರೇ ಬರಲಿ, ಆಮೇಲೆ ಕೊಡ್ತೀವಿ" ಎಂದು ರಕ್ತವನ್ನು ಮೈಯಲ್ಲೇ ಇಟ್ಟುಕೊಂಡು ವಾಪಸು ಹೋಗುತ್ತಿದ್ದಾರಂತೆ. ಕೆಳಗಿನ ಮನೆಗೆ ಹಣ್ಣು ಹಿಡಿದು ಬಂದವರಿಗೆ ಲೆಕ್ಕವಿಲ್ಲ. ಗೆದ್ದವಳನ್ನು ಅಭಿನಂದಿಸಲು ಮೆಟ್ಟಿಲು ಹತ್ತಿ ಬಂದವರು ವಿದ್ಯುತ್ ಮೀಟರ್ ನೋಡುವವರೊಬ್ಬರೇ. ಅವರೂ ಕಪ್ ನೋಡಿ, "ಕೆಳಗಿನ ಮನೆಯವ್ರದ್ದಾ?" ಎಂದರು.

ಅತ್ತೆ ಬಟಾಣಿ ಸುಲಿಯುತ್ತಾ ಕೂತಿದ್ದರು. ನಾನೂ ಎದುರಿಗೆ ಕೂತು ಸುಲಿಯತೊಡಗಿದೆ.

"ಗೆದ್ದಿದೀಯಲ್ಲ, ಮುಖ ಯಾಕೆ ಹಾಗಿದೆ?"

"ಆಯಾಸ ಅತ್ತೆ."

"ಹೂಂ." ನಾಲ್ಕು ಕಾಯಿ ಸುಲಿದರು. "ಅಲ್ಲಾ, ಅವಳಿಗೆ ಕಲಿಸೋವಾಗ ನೀನು ಎಡಕ್ಕೆ ಅಂದ್ರೆ, ಅವಳು ಯಾವ ಕಡೆ ಹೋಗ್ತಿದ್ದಳು?"

ನಾನು ಸುಲಿದ ಕಾಳನ್ನು ಸಿಪ್ಪೆಯ ರಾಶಿಗೆ ಹಾಕಿದೆ. ಅವರು ಅದನ್ನು ಹೆಕ್ಕಿ ಬಟ್ಟಲಿಗೆ ಹಾಕಿದರು. ಮೂವತ್ತು ವರ್ಷದಿಂದ ಮಂಡಿ ನೋವೆಂದು ಕುರ್ಚಿ ಬಿಟ್ಟೇಳದ ಹೆಂಗಸು, ಬೆಟ್ಟವನ್ನು ಕಣ್ಣಿನಿಂದಲೂ ನೋಡದವರು, ಆ ಡೇರೆಯಲ್ಲಿ ತಾವೂ ತಮ್ಮ ಬಾವುಟದವರೂ ಕೇಳದ ಪ್ರಶ್ನೆಯನ್ನು ಬಟಾಣಿ ಸುಲಿಯುತ್ತಾ ಕೇಳಿದರು. ಮುಂದಿನ ವರ್ಷ ತಮ್ಮ ಕುರ್ಚಿಗೆ ಅವರನ್ನು ಪರಿಗಣಿಸಬಹುದೆಂದು ನನ್ನ ವಿನಮ್ರ ಸಲಹೆ. ಅವರು ಸಭೆಗೂ ಹೋಗುವುದಿಲ್ಲ.

ವಾರಗಿತ್ತಿಯನ್ನು ನಾನೇ ಕೇಳಿದೆ. "ನನ್ನ ಮೇಲೆ ಸಿಟ್ಟಿದೆಯಾ?"

"ಯಾಕಕ್ಕ? ನೀವು ನಿಯಮದ ಪ್ರಕಾರ ಕೂಗಿದ್ರಿ. ನಂದೇ ಅಭ್ಯಾಸ ಬಲ."

ಅಭ್ಯಾಸ ಬಲವಂತೆ! ಆದದ್ದು ಎಡ.

ಈಗ ತಮ್ಮ ದಾಖಲೆಯಲ್ಲಿ ಇಲ್ಲದ ಸಂಗತಿಗೆ ಬರುತ್ತೇನೆ. ಇದನ್ನು ಬರೆಯಲೆಂದೇ ಇಷ್ಟು ಹೊತ್ತು ಸುತ್ತಿ ಬಳಸಿ ಬಂದೆ.

ನನ್ನ ಉದ್ಯೋಗವೇ ಎಡ ಬಲ. "ಎಡಗಣ್ಣು ಮುಚ್ಚಿಕೊಳ್ಳಿ" ಎಂದರೆ ಹತ್ತರಲ್ಲಿ ಮೂವರು ಬಲಗಣ್ಣು ಮುಚ್ಚುತ್ತಾರೆ. ಎದುರಿಗೆ ಕೂತವರ ಎಡ ನನ್ನ ಬಲ. ಒಂದೇ ಪದದ ಅಪ್ಪಣೆ ಹೇಳುವವರ ಬಾಯಲ್ಲಿ ಒಂದಾಗಿ, ಕೇಳುವವರ ಕಿವಿಯಲ್ಲಿ ಇನ್ನೊಂದಾಗುವುದನ್ನು ನಾನು ದಿನಕ್ಕೆ ಇಪ್ಪತ್ತು ಸಲ ನೋಡುತ್ತೇನೆ. ಅದಕ್ಕೇ ಹೊಸಬರು ಬಂದರೆ ಅವರ ಭುಜ ಮುಟ್ಟಿ, "ಈ ಕೈಯಿಂದ ಈ ಕಣ್ಣು" ಎಂದು ಹೇಳುತ್ತೇನೆ. ಇಪ್ಪತ್ತೆರಡು ವರ್ಷದ ಈ ಅನುಭವ ಹಲ್ಲುದುರಿಯ ಕೊನೆಯ ತಿರುವಿನಲ್ಲಿ ನನ್ನನ್ನು ಬಿಟ್ಟು ಎಲ್ಲಿಗೆ ಹೋಗಿತ್ತು?

ಎಲ್ಲಿಗೂ ಹೋಗಿರಲಿಲ್ಲ. ಬಾಯಿ ತೆರೆಯುವ ಮುಂಚೆಯೇ ನನಗೆ ಗೊತ್ತಿತ್ತು. ಬೇರೆ ಯಾವ ಸವಾರಳು "ಎಡಕ್ಕೆ" ಎಂದು ಕೂಗಿದ್ದರೂ ನನ್ನ ವಾರಗಿತ್ತಿ ಬಲಕ್ಕೆ ಸರಿಯುತ್ತಿದ್ದಳು, ನಿಯಮ ಅವಳಿಗೆ ತಮಗಿಂತ ಚೆನ್ನಾಗಿ ಗೊತ್ತು. ಆದರೆ ಕೂಗುತ್ತಿರುವುದು ನನ್ನ ಗಂಟಲು. ನನ್ನ ಗಂಟಲಿನಿಂದ ಬಂದ "ಎಡಕ್ಕೆ"ಗೆ ಅವಳು ಎಡಕ್ಕೇ ಹೋಗುತ್ತಾಳೆ, ಯೋಚಿಸದೆ ಹೋಗುತ್ತಾಳೆ. "ಬಲಕ್ಕೆ" ಎಂದು ಕೂಗಿದ್ದರೆ ಬಲಕ್ಕೆ ಸರಿದು ನನಗೆ ದಾರಿ ಬಿಡುತ್ತಿದ್ದಳು. ಆದರೆ ಬಂಡೆಯ ಮೇಲೆ ಬಾವುಟ ಇತ್ತು, ತಪ್ಪು ಪದ ಕೂಗಿದ್ದಕ್ಕೆ ಅನರ್ಹಳಾಗುವವಳು ನಾನಾಗುತ್ತಿದ್ದೆ. "ನಾನು ಎಡಕ್ಕೆ ಬರ್ತಿದೀನಿ" ಎಂದು ಮೂರು ಪದ ಕೂಗಬಹುದಿತ್ತು, ಪದ ಹೆಚ್ಚಾಯಿತೆಂದು ತಾವು ಈ ತನಕ ಯಾರನ್ನೂ ಅನರ್ಹಗೊಳಿಸಿಲ್ಲ. ಸಮಯ ಇರಲಿಲ್ಲ ಎಂದು ತಮ್ಮ ಮುಂದೆ ಹೇಳಿದೆನಲ್ಲ, ಅದು ಸುಳ್ಳು. ಸಮಯ ಇತ್ತು. ಇಷ್ಟೆಲ್ಲ ಲೆಕ್ಕಾಚಾರ ಹಾಕುವುದಕ್ಕೆ ಸಮಯ ಇದ್ದವಳಿಗೆ ಮೂರು ಪದಕ್ಕೆ ಸಮಯ ಇರಲಿಲ್ಲವೇ? ನಿಯಮ ನನ್ನ ಕಡೆ ಇರಲಿ, ಅವಳು ಅಡ್ಡ ಬಂದರೆ ತಪ್ಪು ಅವಳದು ಎಂದುಕೊಂಡು ಆ ಒಂದು ಪದ ಕೂಗಿದೆ. ಅವಳು ಬೀಳಲಿ ಎಂದು ಬಯಸಿದೆನೇ? ಇಲ್ಲ ಎಂದು ಬರೆಯಲು ಪೆನ್ನು ಎತ್ತಿ ಎರಡು ಸಲ ಕೆಳಗಿಟ್ಟೆ. ಒಂದು ಸಲವಾದರೂ ಅವಳಿಗೆ ಏನಾದರೂ ಆಗಲಿ ಎಂದು ಬಯಸಿದ್ದು ನಿಜ.

ತಾವು "ಉದ್ದೇಶಪೂರ್ವಕ" ಎಂದು ಬರೆದದ್ದು ಸರಿಯಾಗಿಯೇ ಇದೆ ಮಾನ್ಯರೇ. ಉದ್ದೇಶ ಇತ್ತು. ವಿಳಾಸ ಮಾತ್ರ ತಪ್ಪಿದೆ.

ಇದರಲ್ಲಿ ನಾನು ಕಳೆದುಕೊಂಡದ್ದೇನು ಎಂದು ತಮಗೆ ಅರ್ಥವಾಗಲಿಕ್ಕಿಲ್ಲ. ಆ ದಿನ ನನ್ನ ಕಾಲಲ್ಲಿ ಶಕ್ತಿ ಇತ್ತು. ಇನ್ನು ನಾಲ್ಕು ಕಿಲೋಮೀಟರಿನಲ್ಲಿ, ಹಲ್ಲುದುರಿಯ ಕೆಳಗಿನ ಬಯಲಿನಲ್ಲಿ, ಅವಳನ್ನು ನ್ಯಾಯವಾಗಿ ದಾಟುತ್ತಿದ್ದೆನೋ ಏನೋ. ದಾಟುತ್ತಿದ್ದೆ ಎಂದು ಬೆಳಿಗ್ಗೆ ಅನಿಸುತ್ತದೆ, ಇಲ್ಲ ಎಂದು ಸಂಜೆ ಅನಿಸುತ್ತದೆ. ಹತ್ತು ತಿಂಗಳ ಬೆವರಿಗೆ ಉತ್ತರ ಸಿಗಬೇಕಾದ ಜಾಗದಲ್ಲಿ ನಾನೇ ಉತ್ತರಪತ್ರಿಕೆ ಹರಿದುಹಾಕಿದೆ. ನನಗೀಗ ನಲವತ್ತೆಂಟು. ಮುಂದಿನ ವರ್ಷವೇ ಕೊನೆ, ಅದರಾಚೆ ತಾವು ನನ್ನನ್ನು ಐವತ್ತು ದಾಟಿದವರ ವಿಭಾಗಕ್ಕೆ ತಳ್ಳುತ್ತೀರಿ. ಅವಳ ಮೇಲೆ ಎರಡು ವರ್ಷದ ನಿಷೇಧ. ಅಂದರೆ ನಾವಿಬ್ಬರೂ ಒಂದೇ ಗೆರೆಯ ಹಿಂದೆ ನಿಲ್ಲುವ ದಿನ ಮುಗಿಯಿತು, ನನ್ನ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯಿತು.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಅವಳ ಹೆಸರಿನ ಮುಂದಿರುವ "ಉದ್ದೇಶಪೂರ್ವಕ ಅಡ್ಡಿ"ಯನ್ನು ಅಳಿಸಿ ನನ್ನ ಹೆಸರಿನ ಮುಂದೆ ಬರೆಯಿರಿ. ಕಪ್ಪನ್ನು ತಮ್ಮ ಗುಮಾಸ್ತರ ಕಿಟಕಿಯಲ್ಲಿ ಇಟ್ಟು ಬಂದಿದ್ದೇನೆ, ಅದರಲ್ಲಿ ಅವರು ಪೆನ್ನುಗಳನ್ನು ನಿಲ್ಲಿಸಿಕೊಳ್ಳುವ ಮುಂಚೆ ಯಾರಿಗೆ ಸೇರಬೇಕೋ ಅವರಿಗೆ ಸೇರಿಸಿ. ಹದಿನಾಲ್ಕನೆಯ ನಿಯಮಕ್ಕೆ "ನಾನು" ಎಂಬ ಪದ ಸೇರಿಸಿ. ಅವಳ ನಿಷೇಧವನ್ನು ಈ ವಾರವೇ ತೆಗೆಯಿರಿ. ನನಗೆ ನಿಷೇಧ ಹೇರುವುದಾದರೆ ಹೇರಿ, ಆದರೆ ಮುಂದಿನ ವರ್ಷ ಒಂದನ್ನು ಬಿಟ್ಟು ಹೇರಿ. ಐವತ್ತಾದ ಮೇಲೆ ಬೇಕಾದರೆ ಹತ್ತು ವರ್ಷ ಮನೆಯಲ್ಲಿ ಕೂರುತ್ತೇನೆ. ಇದು ಪಶ್ಚಾತ್ತಾಪವೋ ಸ್ವಾರ್ಥವೋ ಎಂದು ತಮ್ಮ ಸಮಿತಿ ಚರ್ಚಿಸಬೇಕಾಗಿಲ್ಲ. ಎರಡೂ ಹೌದು. ನನಗೆ ಅವಳು ಬೆಟ್ಟಕ್ಕೆ ಬೇಕು. ನನಗೆ ಅವಳನ್ನು ಸೋಲಿಸಬೇಕು.

ಇದ್ಯಾವುದೂ ಅವಳಿಗೆ ಇನ್ನೂ ಗೊತ್ತಿಲ್ಲ. ಎದುರಿಗೆ ಕೂತು ಹೇಳಲು ಹೋದೆ, ಎರಡು ಸಲ. ಒಂದು ಸಲ ಚಹಾ ಕೊಟ್ಟಳು, ಇನ್ನೊಂದು ಸಲ ನನ್ನ ಬಳ್ಳಿ ಯಾಕೆ ಬಾಡಿದೆ ಎಂದು ಕೇಳಿದಳು. ಎರಡು ಸಲವೂ ಹೇಳದೆ ಮೆಟ್ಟಿಲು ಹತ್ತಿ ವಾಪಸು ಬಂದೆ. ಒಂದು ಕೈಯಲ್ಲಿ ಅವಳಿಗೆ ಪತ್ರಿಕೆ ಬಿಡಿಸಿ ಹಿಡಿಯಲು ಆಗುವುದಿಲ್ಲ. ಹಾಗಾಗಿ ಬಿದ್ದ ಮರುದಿನದಿಂದ ನಾನೇ ಬೆಳಿಗ್ಗೆ ಕೆಳಗಿಳಿದು, ಬಾಗಿಲಲ್ಲಿ ಬಿದ್ದ ಪತ್ರಿಕೆಯನ್ನು ಎತ್ತಿಕೊಂಡು, ಓದಲು ಸುಲಭವಾಗುವಂತೆ ನಾಲ್ಕಾಗಿ ಮಡಿಸಿ ಅವಳ ಬಲಗೈಗೆ ಕೊಡುತ್ತೇನೆ. ಯಾವ ಪುಟ ಮೇಲೆ ಬರಬೇಕೆಂದು ಅವಳು ಹೇಳುವುದಿಲ್ಲ, ನಾನು ಮಡಿಸಿ ಕೊಟ್ಟದ್ದನ್ನೇ ಮೊದಲು ಓದುತ್ತಾಳೆ.

ಇದು ಅಚ್ಚಾಗುವ ದಿನ ಈ ಪುಟ ಮೇಲೆ ಬರುವಂತೆ ಮಡಿಸಿ ಕೊಡುತ್ತೇನೆ. ಕೊಟ್ಟು ಮೆಟ್ಟಿಲು ಹತ್ತುವುದಿಲ್ಲ, ಅವಳು ಓದಿ ಮುಗಿಸುವ ತನಕ ಅಲ್ಲೇ ನಿಂತಿರುತ್ತೇನೆ.

ಇಂತಿ,

ತಮ್ಮ ಪಟ್ಟಿಯಲ್ಲಿ ಮೊದಲನೆಯವಳು,
ಬೆಟ್ಟದಲ್ಲಿ ಅವಳ ಹಿಂದೆ ಬರುತ್ತಿದ್ದವಳು